ಲ್ಯಾಪ್‌ಟಾಪಿನ ಪ್ರೊಸೆಸರ್ ಬದಲಿಸುವ ಮುನ್ನ: ಸಾಕೆಟ್ ಪರಿಶೀಲನೆಯ ಒಂದು ಅಭ್ಯಾಸ ಪಾಠ

ಮೂರನೇ ಸೆಮಿಸ್ಟರಿನ ಇಂಟರ್ನ್‌ಶಿಪ್‌ಗೆ ನನ್ನನ್ನು ಹಾಕಿದ್ದು ಹೊಸದುರ್ಗ ತಾಲ್ಲೂಕಿನ ಒಂದು ಪ್ರೌಢಶಾಲೆಗೆ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತಶಾಸ್ತ್ರ. ಆ ಶಾಲೆಯಲ್ಲಿ ವಾರಕ್ಕೆ ಎರಡು ಕಂಪ್ಯೂಟರ್ ಅವಧಿಗಳಿದ್ದವು, ತೆಗೆದುಕೊಳ್ಳುವವರು ಇರಲಿಲ್ಲ. ಬಿ.ಎಸ್ಸಿ. ಓದುವಾಗ ರಜೆಗಳಲ್ಲಿ ಚಿತ್ರದುರ್ಗದ ಚಿಕ್ಕಪ್ಪನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತವಳು ನಾನು. ಅದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಒಂಬತ್ತನೇ ತರಗತಿಯ ಎರಡೂ ವಿಭಾಗಗಳ ಕಂಪ್ಯೂಟರ್ ಅವಧಿ ನನ್ನ ಹೆಸರಿಗೆ ಬಂತು. ಇಲ್ಲಿ ಬರೆಯುತ್ತಿರುವುದು ಅದರಲ್ಲಿ ಒಂದು ಘಟಕದ ಕಥೆ. ಮೊದಲ ಪಾಠದಲ್ಲಿ ನಾನು ತಪ್ಪು ಹೇಳಿದೆ, ಎರಡನೆಯದರಲ್ಲಿ ತಿದ್ದಿದೆ, ಮೂರನೆಯದರಲ್ಲಿ ತಿದ್ದುವಾಗ ಮಾಡಿದ ಇನ್ನೊಂದು ತಪ್ಪನ್ನು ತಿದ್ದಿದೆ.

ಬುಧವಾರದ ಪಾಠ 'ಮದರ್‌ಬೋರ್ಡಿನ ಭಾಗಗಳು'. ಎ ವಿಭಾಗ, ನಾಲ್ಕನೇ ಅವಧಿ, 40 ನಿಮಿಷ. ಪಾಠ ಯೋಜನೆ ಚೆನ್ನಾಗಿಯೇ ಇತ್ತು. ಚಾರ್ಟಿನಲ್ಲಿ ಒಂದು ಕೋಷ್ಟಕ ಬರೆದುಕೊಂಡು ಹೋಗಿದ್ದೆ: ಎಡಗಡೆ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರುಗಳ ತಲೆಮಾರು, ಬಲಗಡೆ ಸಾಕೆಟ್. ಮೊದಲ ತಲೆಮಾರಿನ ಕೋರ್ ಐ ಪ್ರೊಸೆಸರುಗಳಿಗೆ ಜಿ1. 2011ರ ಎರಡನೇ ತಲೆಮಾರು ಮತ್ತು 2012ರ ಮೂರನೇ ತಲೆಮಾರಿಗೆ ಜಿ2. 2013ರ ನಾಲ್ಕನೇ ತಲೆಮಾರಿಗೆ ಜಿ3. ಅಚ್ಚುಕಟ್ಟಾದ ಕೋಷ್ಟಕ. ವೀಕ್ಷಣೆಗೆ ಬಂದಿದ್ದ ಸಹಪ್ರಶಿಕ್ಷಣಾರ್ಥಿ 'ಬೋಧನೋಪಕರಣ: ಉತ್ತಮ' ಎಂದು ಗುರುತು ಹಾಕಿದ್ದಳು.

ಪಾಠ ಮುಗಿಯುವ ಹೊತ್ತಿಗೆ ಮೂರನೇ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಸಾಮಾನ್ಯವಾಗಿ ಬಾಯಿಬಿಡದ ಹುಡುಗ.

"ಮಿಸ್, ನಮ್ಮಣ್ಣಂದು ಒಂದು ಲ್ಯಾಪ್‌ಟಾಪ್ ಐತೆ, ಸೆಕೆಂಡ್ ಹ್ಯಾಂಡು. ಭಾಳ ಸ್ಲೋ. ಅದ್ರಲ್ಲಿ ಐ3-2310ಎಂ ಐತಂತೆ. ಅದನ್ನ ತೆಗ್ದು ಐ7-3610ಕ್ಯೂಎಂ ಹಾಕ್ಬೋದಾ?"

ಪ್ರಶ್ನೆ ಕೇಳಿ ನನಗೆ ಖುಷಿಯಾಯಿತು. ಕೋಷ್ಟಕದ ಕಡೆಗೆ ಕೋಲು ತೋರಿಸಿ, ಉತ್ತರವನ್ನು ಅವನಿಂದಲೇ ಹೊರಡಿಸಿದೆ. 2310 ಎಂದರೆ ಎರಡನೇ ತಲೆಮಾರು, 3610 ಎಂದರೆ ಮೂರನೆಯದು. ಎರಡರ ಮುಂದೆಯೂ ಜಿ2. "ಹಾಗಾದ್ರೆ ಕೂರುತ್ತೆ ಮಿಸ್" ಎಂದ. "ಕೂರುತ್ತೆ" ಎಂದೆ. ಗಂಟೆ ಹೊಡೆಯಿತು.

ಅವತ್ತು ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದ್ದು ಬೇರೆ ಕಾರಣಕ್ಕೆ. ಮುಂದಿನ ಪಾಠಕ್ಕೆ ಒಂದು ಕೆಟ್ಟ ಬೋರ್ಡ್ ಬೇಕಿತ್ತು. ಮಾತಿನ ನಡುವೆ ಹುಡುಗನ ಪ್ರಶ್ನೆಯನ್ನು ಹೆಮ್ಮೆಯಿಂದ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲವ್ವಾ, ಆ ಮಿಷನ್ನಲ್ಲಿ ಸಾಕೆಟ್ ಐತೋ, ಬೆಸುಗೆ ಹಾಕಿರೋದೋ, ನೋಡಿದ್ಯಾ?" ಎಂದರು.

ನೋಡಿರಲಿಲ್ಲ. ನೋಡಬೇಕು ಎನ್ನುವುದು ನನಗೆ ಗೊತ್ತಿತ್ತು, ಅಂಗಡಿಯಲ್ಲಿ ಎಷ್ಟೋ ಸಲ ನೋಡಿದ್ದೆ ಕೂಡ. ಐ3-2310ಎಂ ಎಂಬ ಒಂದೇ ಹೆಸರಿನ ಪ್ರೊಸೆಸರ್ ಎರಡು ರೂಪದಲ್ಲಿ ಬಂದಿದೆ. ಒಂದರ ಅಡಿಯಲ್ಲಿ ಪಿನ್ನುಗಳಿರುತ್ತವೆ. ಅದು 988 ಪಿನ್ನಿನ ಸಾಕೆಟ್ಟಿನಲ್ಲಿ ಕೂರುತ್ತದೆ, ತೆಗೆಯಬಹುದು. ಇನ್ನೊಂದರ ಅಡಿಯಲ್ಲಿ ಪಿನ್ನಿನ ಬದಲು 1023 ಸಣ್ಣ ಬೆಸುಗೆ ಗುಂಡುಗಳು. ಕಾರ್ಖಾನೆಯಲ್ಲೇ ಬೋರ್ಡಿಗೆ ಕರಗಿಸಿ ಕೂರಿಸಿರುತ್ತಾರೆ. ಅದಕ್ಕೆ ಸಾಕೆಟ್ಟೇ ಇಲ್ಲ. ಹೆಸರು, ವೇಗ, ಕ್ಯಾಶ್ ಎಲ್ಲ ಒಂದೇ. ಸೆಟ್ಟಿಂಗ್ಸ್ ತೆರೆದರೆ ಎರಡರಲ್ಲೂ ಅದೇ ಹೆಸರು ಕಾಣುತ್ತದೆ. ಇಂಟೆಲ್ ತನ್ನ ಉತ್ಪನ್ನ ಪುಟದಲ್ಲಿ ಈ ಪ್ರೊಸೆಸರಿನ ಮುಂದೆ ಎರಡೂ ಹೆಸರನ್ನು ಬರೆದಿದೆ. ನನ್ನ ಕೋಷ್ಟಕದಲ್ಲಿ ಒಂದಕ್ಕೆ ಮಾತ್ರ ಜಾಗವಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ತಪ್ಪು ಮಾಹಿತಿಯ ಕೊರತೆಯದಲ್ಲ, ಚಾರ್ಟಿನ ಆಕಾರದ್ದು. ಎರಡು ಅಂಕಣದ ಕೋಷ್ಟಕ ಬರೆದ ಕೂಡಲೇ 'ಹೆಸರು ಗೊತ್ತಾದರೆ ಸಾಕೆಟ್ ಗೊತ್ತಾಯಿತು' ಎಂಬ ಮಾತು ತಾನಾಗಿಯೇ ಅದರಲ್ಲಿ ಸೇರಿಕೊಳ್ಳುತ್ತದೆ. ಧಾತು ಮತ್ತು ಸಂಕೇತ, ರಾಜ್ಯ ಮತ್ತು ರಾಜಧಾನಿ ಇಂಥವನ್ನು ಕಲಿಸಿ ಕಲಿಸಿ ನಮಗೆ ಆ ಆಕಾರ ರೂಢಿಯಾಗಿದೆ. ಸಾಕೆಟ್ ಹಾಗಲ್ಲ. ಅದು ಹೆಸರಿಗೆ ಸೇರಿದ್ದಲ್ಲ, ಮೇಜಿನ ಮೇಲಿರುವ ಆ ಒಂದು ಯಂತ್ರಕ್ಕೆ ಸೇರಿದ್ದು.

ಗುರುವಾರ ಪ್ರಾರ್ಥನೆ ಮುಗಿದ ಮೇಲೆ ಹುಡುಗನನ್ನು ಪಕ್ಕಕ್ಕೆ ಕರೆದೆ. ನಿನ್ನೆ ಹೇಳಿದ್ದು ಪೂರ್ತಿ ಸರಿಯಲ್ಲ, ಅಣ್ಣನಿಗೆ ಸ್ವಲ್ಪ ತಾಳಲು ಹೇಳು ಎಂದೆ. ಅವನು ನೆಲ ನೋಡಿಕೊಂಡು, "ಅಣ್ಣ ರಾತ್ರಿನೇ ಫೋನ್‌ಪೇ ಮಾಡ್ದ ಮಿಸ್. ಐನೂರು ಅಡ್ವಾನ್ಸು. ಬೆಂಗ್ಳೂರಲ್ಲಿ ಎಸ್‌.ಪಿ. ರೋಡಿನ ಅಂಗ್ಡಿ. ಭಾನುವಾರ ಹೋಗಿ ಉಳಿದ ಎರಡು ಸಾವ್ರ ಕೊಟ್ಟು ತರೋದು. ನೀವು ಹೇಳಿದ್ರಿ ಅಂತ ನಾನೇ ಹೇಳ್ದೆ" ಎಂದ.

ಅಣ್ಣ ಡಿಪ್ಲೊಮಾ ಓದುತ್ತಾ ಸಂಜೆ ಹೊತ್ತು ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುವವನು. ಹಾರ್ಡ್‌ವೇರ್ ಎಂದರೆ ಕಬ್ಬಿಣ, ಸಿಮೆಂಟು. ಆ 2,500 ರೂಪಾಯಿ ಎಲ್ಲಿಂದ ಬಂದಿರಬಹುದೆಂದು ನಾನು ಕೇಳಲಿಲ್ಲ. ಒಂದು ಚೀಟಿಯ ಮೇಲೆ ನಾಲ್ಕು ಸಾಲು ಬರೆದುಕೊಟ್ಟೆ: ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಪ್ರೊಸೆಸರಿನ ಪೂರ್ಣ ಹೆಸರು, 'ಪ್ಯಾಕೇಜ್' ಎಂಬ ಸಾಲಿನಲ್ಲಿ ಏನಿದೆ, ಚಿಪ್‌ಸೆಟ್ ಯಾವುದು, ಬಯಾಸ್ ಆವೃತ್ತಿ ಎಷ್ಟು, ಇಷ್ಟನ್ನು ಇದ್ದ ಹಾಗೆ ಬರೆದು ತರಲಿ. ಲ್ಯಾಪ್‌ಟಾಪಿನ ತಳದ ಚೀಟಿಯಲ್ಲಿರುವ ಮಾದರಿ ಸಂಖ್ಯೆಯೂ ಬೇಕು ಎಂದು ಸೇರಿಸಿದೆ.

ಮಾರ್ಗದರ್ಶಕ ಶಿಕ್ಷಕರಿಗೆ ವಿಷಯ ಹೇಳಿದಾಗ ಅವರು ಬೈಯಲಿಲ್ಲ. ಸಹಪ್ರಶಿಕ್ಷಣಾರ್ಥಿಯ ಸಲಹೆ ಬೇರೆ ಇತ್ತು: ಹುಡುಗನಿಗೆ ಹೇಳಿಯಾಯಿತಲ್ಲ, ಇಡೀ ತರಗತಿಯ ಮುಂದೆ ಏಕೆ? ಇಂಟರ್ನ್‌ಶಿಪ್ ಮಾಡುವವರನ್ನು ಮಕ್ಕಳು ಹೇಗೂ ಅರ್ಧ ಟೀಚರ್ ಎಂದೇ ನೋಡುತ್ತಾರೆ, ಅದನ್ನೂ ಕಳೆದುಕೊಳ್ಳುತ್ತೀಯ ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ಆದರೆ ಕೋಷ್ಟಕವನ್ನು ಇಡೀ ತರಗತಿ ಬರೆದುಕೊಂಡಿತ್ತು. "ನೋಟ್ಸ್‌ನಲ್ಲಿ ಉಳಿದದ್ದು ನಿಮ್ಮ ಹೆಸರಿನಲ್ಲೇ ಉಳಿಯುತ್ತೆ ಮೇಡಂ. ಏನು ಮಾಡಬೇಕು ಅಂತ ನೀವೇ ಯೋಚಿಸಿ" ಎಂದು ಮಾರ್ಗದರ್ಶಕರು ಬಿಟ್ಟರು. ಶುಕ್ರವಾರದ ಪಾಠವನ್ನು ಪೂರ್ತಿ ಬದಲಿಸಿದೆ.

ಶುಕ್ರವಾರ: ಎ ವಿಭಾಗ

ಕಲಿಕಾ ಫಲವಾಗಿ ಬರೆದುಕೊಂಡದ್ದು ಒಂದೇ ಸಾಲು: 'ಒಂದು ನಿರ್ದಿಷ್ಟ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಬದಲಿಸಲು ಸಾಧ್ಯವೇ ಎಂಬುದನ್ನು ಹಣ ಕೊಡುವ ಮೊದಲು ಪರಿಶೀಲಿಸಿ ಹೇಳುತ್ತಾರೆ.' ಗುರುವಾರ ಸಂಜೆ ಚಿಕ್ಕಪ್ಪ ಖಾಸಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ರಟ್ಟಿನ ಡಬ್ಬ ಕಳಿಸಿದ್ದರು. ಸಾಕೆಟ್ ಇರುವ ಕೆಟ್ಟ ಬೋರ್ಡ್ ಒಂದು, ಪ್ರೊಸೆಸರನ್ನು ಬೆಸುಗೆ ಹಾಕಿದ ಬೋರ್ಡ್ ಒಂದು, ಬಿಡಿ ಪ್ರೊಸೆಸರ್ ಎರಡು. ಎಲ್ಲ ಸತ್ತವೇ. ವಿಜ್ಞಾನ ಪ್ರಯೋಗಾಲಯದಿಂದ ಭೂತಗನ್ನಡಿಗಳನ್ನು ತಂದೆ.

ತರಗತಿಗೆ ಹೋದವಳೇ ಬುಧವಾರದ ಚಾರ್ಟನ್ನು ತೂಗುಹಾಕಿ, "ಈ ಚಾರ್ಟಲ್ಲಿ ಒಂದು ತಪ್ಪಿದೆ. ಅದು ನನ್ನದು. ಇವತ್ತು ಹುಡುಕೋಣ" ಎಂದೆ. ಇದು ತೊಡಗಿಸಿಕೊಳ್ಳುವ ಹಂತದ ತಂತ್ರವೆಂದು ಯೋಜಿಸಿದ್ದಲ್ಲ. ಬೇರೆ ರೀತಿಯಲ್ಲಿ ಪ್ರಾರಂಭಿಸಲು ಧೈರ್ಯವಾಗಲಿಲ್ಲ. ಆದರೆ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತದ್ದನ್ನು ವೀಕ್ಷಕಿ ಬರೆದುಕೊಂಡಳು.

ಆಮೇಲೆ ಉದಾಹರಣೆಗೆ ಮನೆಯ ಪ್ಲಗ್ ತೆಗೆದುಕೊಂಡೆ. ಮೊಬೈಲ್ ಚಾರ್ಜರಿನ ಸಣ್ಣ ಸಾಕೆಟ್ಟಿಗೆ ಗೀಸರಿನ ದಪ್ಪ ಪಿನ್ನಿನ ಪ್ಲಗ್ ಹೋಗುತ್ತದೆಯೇ? ಇಲ್ಲ. ಯಾಕೆ? ಒಂದು 6 ಆಂಪಿಯರಿನದು, ಇನ್ನೊಂದು 16. ಪಿನ್ನಿನ ಗಾತ್ರ ಬೇರೆ. ಪ್ರೊಸೆಸರಿಗೂ ಹೀಗೆಯೇ, ಪಿನ್ನು ತೂತಿಗೆ ಹೊಂದಬೇಕು. ಮಕ್ಕಳು ತಲೆಯಾಡಿಸಿದರು. ಈ ಉದಾಹರಣೆ ಏನು ಮಾಡಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಅನ್ವೇಷಣೆಯ ಹಂತಕ್ಕೆ ನಾಲ್ಕು ಗುಂಪು ಮಾಡಿ ಬೋರ್ಡುಗಳನ್ನು ಸುತ್ತು ಕಳಿಸಿದೆ. ಸಾಕೆಟ್ ಇರುವ ಬೋರ್ಡಿನಲ್ಲಿ ಏನು ಕಾಣುತ್ತದೆ: ಬಿಳಿ ಅಥವಾ ಕಂದು ಪ್ಲಾಸ್ಟಿಕ್ಕಿನ ಚೌಕ, ಅದರ ತುಂಬ ಸಾಲು ಸಾಲು ತೂತು, ಅಂಚಿನಲ್ಲಿ ಒಂದು ಸ್ಕ್ರೂ. ಆ ಸ್ಕ್ರೂವನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದರೆ ಬೀಗ ಬಿಚ್ಚುತ್ತದೆ. ಪಕ್ಕದಲ್ಲಿ ತೆರೆದ ಬೀಗ, ಮುಚ್ಚಿದ ಬೀಗದ ಚಿಕ್ಕ ಚಿತ್ರ ಇರುತ್ತದೆ. ಡೆಸ್ಕ್‌ಟಾಪಿನಲ್ಲಿರುವ ಹಾಗೆ ಸನ್ನೆ ಇಲ್ಲ. ಬೆಸುಗೆ ಹಾಕಿದ ಬೋರ್ಡಿನಲ್ಲಿ ಪ್ಲಾಸ್ಟಿಕ್ ಇಲ್ಲ, ಸ್ಕ್ರೂ ಇಲ್ಲ. ಹಸಿರು ತಟ್ಟೆ ನೇರವಾಗಿ ಬೋರ್ಡಿಗೆ ಅಂಟಿ ಕೂತಿರುತ್ತದೆ. ಒಬ್ಬ ಹುಡುಗ ಉಗುರಿನಿಂದ ಎಬ್ಬಿಸಲು ನೋಡಿದ. "ಬರಲ್ಲ ಮಿಸ್, ಕರಗಿಸಿರೋದು" ಎಂದು ಅವನೇ ಹೇಳಿದ. ಬಿಡಿ ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ಸಣ್ಣ ತ್ರಿಕೋನವನ್ನು ಹುಡುಗಿಯರ ಗುಂಪೊಂದು ಕಂಡುಹಿಡಿಯಿತು. ಸಾಕೆಟ್ಟಿನ ಯಾವ ಮೂಲೆಗೆ ಯಾವ ಮೂಲೆ ಎಂದು ಹೇಳುವ ಗುರುತು ಅದು.

ಇದಕ್ಕೆ 22 ನಿಮಿಷ ಹೋಯಿತು. ಯೋಜನೆಯಲ್ಲಿ ಬರೆದದ್ದು ಹನ್ನೆರಡು. ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ನಂತರ ಹುಡುಗ ತಂದಿದ್ದ ಚೀಟಿಯನ್ನು, ಅವನ ಒಪ್ಪಿಗೆ ಕೇಳಿ, ಕಪ್ಪುಹಲಗೆಯ ಮೇಲೆ ಬರೆದೆ. ಅಣ್ಣ ಚೆನ್ನಾಗಿ ಬರೆದಿದ್ದ.

ಪ್ರೊಸೆಸರ್: ಐ3-2310ಎಂ
ಪ್ಯಾಕೇಜ್: ಸಾಕೆಟ್ 1023 ಎಫ್‌ಸಿಬಿಜಿಎ
ಚಿಪ್‌ಸೆಟ್: ಎಚ್‌ಎಂ65

ಪಿಜಿಎ ಎಂದರೆ ಪಿನ್ನುಗಳ ಸಾಲು, ಬಿಜಿಎ ಎಂದರೆ ಗುಂಡುಗಳ ಸಾಲು ಎಂದಷ್ಟೇ ಹೇಳಿ ಸುಮ್ಮನಾದೆ. ಎರಡನೇ ಸಾಲನ್ನು ಮೊದಲ ಬೆಂಚಿನ ಹುಡುಗಿ ಎರಡು ಸಲ ಓದಿಕೊಂಡಳು. "ಮಿಸ್, ಅದ್ರಲ್ಲಿ ಸಾಕೆಟ್ ಅಂತ ಬರ್ದೈತೆ, ಆದ್ರೆ ಬಿಜಿಎ ಐತಲ್ಲ. ಇದು ಅಂಟಿಸಿರೋದು." ತಂತ್ರಾಂಶ ಎಲ್ಲ ಪ್ಯಾಕೇಜಿನ ಹಿಂದೆಯೂ 'ಸಾಕೆಟ್' ಎಂಬ ಪದ ಸೇರಿಸುತ್ತದೆ; ಆ ಪದಕ್ಕೆ ಮರುಳಾಗದೆ ಅವಳು ಕೊನೆಯ ಮೂರು ಅಕ್ಷರ ನೋಡಿದ್ದಳು. ಹುಡುಗ ಮೂರನೇ ಬೆಂಚಿನಿಂದ ಹಲಗೆಯನ್ನೇ ನೋಡುತ್ತಿದ್ದ. ಚಾರ್ಟಿನ ತಪ್ಪು ಎಲ್ಲಿದೆ ಎಂದು ನಾನು ಕೇಳುವುದೇ ಬೇಕಾಗಲಿಲ್ಲ.

ಉಳಿದ ಹತ್ತು ನಿಮಿಷದಲ್ಲಿ ಪರಿಶೀಲನೆಯ ಕ್ರಮವನ್ನು ವಿವರಿಸಬೇಕಿತ್ತು. ಅವಸರವಾಯಿತು. ತರಗತಿಯಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತೇನೆ; ಈ ಪಾಠ ತೆಗೆದುಕೊಳ್ಳುವವರಿಗೆ ಬೇಕಾಗುತ್ತದೆ.

ಮೊದಲು ನೋಡಬೇಕಾದದ್ದು ಪ್ರೊಸೆಸರಿನ ಪೂರ್ಣ ಹೆಸರು, ಅದರಲ್ಲೂ ಬಾಲದ ಅಕ್ಷರ. 'ಐ5' ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಕೊನೆಯಲ್ಲಿ 'ಯು' ಇದ್ದರೆ ಕಡಿಮೆ ವಿದ್ಯುತ್ತಿನ ಪ್ರೊಸೆಸರ್, ಬೆಸುಗೆಯದೇ. ಅಲ್ಲಿಗೆ ಪರಿಶೀಲನೆ ಮುಗಿಯಿತು. ನಾಲ್ಕನೇ ತಲೆಮಾರಿನಲ್ಲಿ 4700ಎಂಕ್ಯೂ ಸಾಕೆಟ್ಟಿನದು, 4700ಎಚ್‌ಕ್ಯೂ ಬೆಸುಗೆಯದು, ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಐದನೇ ತಲೆಮಾರಿನಿಂದ ಈಚೆಗೆ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರುಗಳು ಬೆಸುಗೆಯ ರೂಪದಲ್ಲಿ ಮಾತ್ರ ಬರುತ್ತವೆ. ಹಾಗಾಗಿ ಈ ಪ್ರಶ್ನೆ ಏಳುವುದೇ ಹಳೆಯ ಯಂತ್ರಗಳಲ್ಲಿ. ನಮ್ಮ ಮಕ್ಕಳ ಮನೆಗೆ ಬರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪುಗಳಲ್ಲಿ ಇಂಥವು ಇನ್ನೂ ಇವೆ, ಆದ್ದರಿಂದ ಪಾಠ ಹಳತಾಗಿಲ್ಲ.

ಎರಡನೆಯದು ಈ ಯಂತ್ರದಲ್ಲಿ ಯಾವ ರೂಪ ಇದೆ ಎನ್ನುವುದು. ವಿಂಡೋಸ್‌ನಲ್ಲಿ ಸಿಪಿಯು-ಝಡ್, ಉಬುಂಟುವಿನಲ್ಲಿ ಡಿಎಂಐಡೀಕೋಡ್ ಎಂಬ ಆಜ್ಞೆ. ಎರಡನೆಯದು ಬಯಾಸ್ ಬರೆದಿಟ್ಟದ್ದನ್ನು ಓದಿ ಹೇಳುತ್ತದೆ. ಬಯಾಸ್‌ನಲ್ಲಿ ತಪ್ಪು ಬರೆದಿದ್ದರೆ ತಪ್ಪನ್ನೇ ಹೇಳುತ್ತದೆ. ಆದ್ದರಿಂದ ಮೂರನೆಯದು, ಎಲ್ಲಕ್ಕಿಂತ ನಂಬಿಕೆಯದು: ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್. ಎಚ್‌ಪಿ, ಡೆಲ್, ಲೆನೊವೊ ತಮ್ಮ ಎಷ್ಟೋ ಮಾದರಿಗಳಿಗೆ ಇದನ್ನು ಉಚಿತವಾಗಿಯೇ ಕೊಡುತ್ತವೆ. ಅದರ ಬಿಡಿಭಾಗಗಳ ಪಟ್ಟಿಯಲ್ಲಿ ಪ್ರೊಸೆಸರಿಗೆ ಪ್ರತ್ಯೇಕ ಸಂಖ್ಯೆ ಇದ್ದು, ಅದನ್ನು ತೆಗೆಯುವ ವಿಧಾನ ಕೊಟ್ಟಿದ್ದರೆ ಸಾಕೆಟ್ ಇದೆ. ಪ್ರೊಸೆಸರಿನ ಹೆಸರು ಬೋರ್ಡಿನ ಜೊತೆಗೇ, 'ಇಂಥ ಪ್ರೊಸೆಸರ್ ಸಹಿತ ಬೋರ್ಡ್' ಎಂದು ಬಂದಿದ್ದರೆ ಇಲ್ಲ. ಸಾಕೆಟ್ ಇದ್ದಾಗ, ಆ ಮಾದರಿಗೆ ಕಂಪನಿ ಯಾವ ಯಾವ ಪ್ರೊಸೆಸರ್ ಹಾಕಿ ಮಾರಿತ್ತು ಎನ್ನುವುದೂ ಅದೇ ಪಟ್ಟಿಯಲ್ಲಿ ಸಿಗುತ್ತದೆ. ಆ ಪಟ್ಟಿಯ ಒಳಗೇ ಆರಿಸಿಕೊಂಡರೆ ಮುಂದಿನ ಎರಡು ತೊಂದರೆಗಳು ಬಹುಮಟ್ಟಿಗೆ ಬರುವುದಿಲ್ಲ.

ಆ ತೊಂದರೆಗಳು ಇವು. ಸಾಕೆಟ್ ಒಂದೇ ಆದರೂ ಬಯಾಸ್‌ಗೆ ಹೊಸ ಪ್ರೊಸೆಸರಿನ ಪರಿಚಯ ಇರಬೇಕು. ಎಚ್‌ಎಂ65 ಎರಡನೇ ತಲೆಮಾರಿನ ಜೊತೆಗೆ ಬಂದ ಚಿಪ್‌ಸೆಟ್. ಅಂಥ ಬೋರ್ಡಿಗೆ ಕಂಪನಿ ತಕ್ಕ ಬಯಾಸ್ ಅಪ್‌ಡೇಟ್ ಕೊಟ್ಟಿರದಿದ್ದರೆ ಮೂರನೇ ತಲೆಮಾರಿನ ಪ್ರೊಸೆಸರ್ ಸಲೀಸಾಗಿ ಕೂರುತ್ತದೆ, ಸ್ಕ್ರೂ ಬಿಗಿಯುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಅಂದರೆ ಆ ಅಣ್ಣನ ಲ್ಯಾಪ್‌ಟಾಪಿನಲ್ಲಿ ಸಾಕೆಟ್ ಇದ್ದಿದ್ದರೂ ನನ್ನ 'ಕೂರುತ್ತೆ' ಅರ್ಧ ಸತ್ಯವೇ ಆಗಿರುತ್ತಿತ್ತು. ಇನ್ನೊಂದು ಶಾಖದ್ದು. ಐ3-2310ಎಂ 35 ವ್ಯಾಟಿನದು, ಐ7-3610ಕ್ಯೂಎಂ 45 ವ್ಯಾಟಿನದು. 35 ವ್ಯಾಟಿಗೆ ಲೆಕ್ಕ ಹಾಕಿ ಮಾಡಿದ ಫ್ಯಾನು, ತಾಮ್ರದ ಕೊಳವೆ ಮತ್ತು ಚಾರ್ಜರ್ ಅದನ್ನು ತಡೆದುಕೊಳ್ಳುತ್ತವೆಯೇ? ತಡೆಯದಿದ್ದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ದುಡ್ಡು ಕೊಟ್ಟ ವೇಗ ಸಿಗುವುದಿಲ್ಲ.

ಯಂತ್ರ ಬಿಚ್ಚಿ ಕಣ್ಣಾರೆ ನೋಡುವುದನ್ನು ಕೊನೆಗಿಟ್ಟೆ. ಪ್ರೊಸೆಸರಿನ ಮೇಲಿನ ಶಾಖಹೀರಕವನ್ನು ಒಮ್ಮೆ ಎತ್ತಿದರೆ ನಡುವಿನ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದು ಹಚ್ಚಲೇಬೇಕು. ನೋಡುವುದಕ್ಕೂ ಖರ್ಚಿದೆ ಎಂದರ್ಥ.

ಅವಧಿ ಮುಗಿಯಲು ಐದು ನಿಮಿಷ ಇರುವಾಗ ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆಯ ಚೀಟಿ ಕೊಟ್ಟೆ. 'ಒಂದು ಹಳೆಯ ಲ್ಯಾಪ್‌ಟಾಪಿನ ಸಾಕೆಟ್ಟಿಗೆ 478 ಪಿನ್ನಿನ ಪ್ರೊಸೆಸರ್ ಬೇಕು. ಅಂಗಡಿಯಲ್ಲಿ 478 ಪಿನ್ನಿನ ಒಂದು ಪ್ರೊಸೆಸರ್ ಇದೆ. ಕೊಳ್ಳಬಹುದೇ? ಕಾರಣ ಬರೆ.'

ಅರ್ಧಕ್ಕಿಂತ ಹೆಚ್ಚು ಮಕ್ಕಳು 'ಕೊಳ್ಳಬಹುದು' ಎಂದು ಬರೆದಿದ್ದರು. ಕಾರಣ: 'ಪಿನ್ನು ತೂತಿಗೆ ಹೊಂದುತ್ತದೆ.' ನನ್ನ ವಾಕ್ಯವೇ, ಒಂದಕ್ಷರ ಬಿಡದೆ. ಒಬ್ಬಳು ಪ್ಲಗ್ಗಿನ ಚಿತ್ರವನ್ನೂ ಬಿಡಿಸಿದ್ದಳು.

ಶನಿವಾರ

ಶನಿವಾರ ಬೆಳಗಿನ ಶಾಲೆ. ಬಿಡುವ ಹೊತ್ತಿಗೆ ಅಣ್ಣ ಲ್ಯಾಪ್‌ಟಾಪ್ ಹಿಡಿದು ಗೇಟಿನ ಬಳಿ ನಿಂತಿದ್ದ. ಮಾರ್ಗದರ್ಶಕರ ಸಮ್ಮುಖದಲ್ಲಿ ಸ್ಟಾಫ್ ರೂಮಿನಲ್ಲಿ ಕೂತು ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ತೆರೆದೆವು. ಪ್ರೊಸೆಸರಿಗೆ ಪ್ರತ್ಯೇಕ ಸಾಲು ಇರಲಿಲ್ಲ. ಬೋರ್ಡಿನ ಜೊತೆಗೇ ಇತ್ತು. ಬಿಚ್ಚುವ ಅಗತ್ಯ ಬೀಳಲಿಲ್ಲ. ಅಣ್ಣ ಅಂಗಡಿಗೆ ಫೋನ್ ಮಾಡಿದ. ಅಡ್ವಾನ್ಸ್ ವಾಪಸ್ ಇಲ್ಲ, ಬೇಕಾದರೆ ಬೇರೆ ಸಾಮಾನು ತೆಗೆದುಕೊಳ್ಳಿ ಎಂದರಂತೆ.

ನಾನು ಒಂದು ಕವರಿನಲ್ಲಿ ಐನೂರು ರೂಪಾಯಿ ಇಟ್ಟುಕೊಂಡಿದ್ದೆ. ಹುಡುಗನ ಕೈಗೆ ಕೊಡಬೇಡಿ, ಕೊಡುವುದಿದ್ದರೆ ದೊಡ್ಡವರಿಗೆ ಕೊಡಿ ಎಂದು ಮಾರ್ಗದರ್ಶಕರು ಮೊದಲೇ ಹೇಳಿದ್ದರು. ಅಣ್ಣ ತೆಗೆದುಕೊಳ್ಳಲಿಲ್ಲ. "ಬ್ಯಾಡ ಬಿಡಿ ಮೇಡಂ. ನಾನೂ ನೋಡ್ದೆ ಕಳ್ಸಿದ್ದು. ಎರಡು ಸಾವ್ರ ಉಳೀತಲ್ಲ" ಎಂದ. ಕವರು ಇನ್ನೂ ನನ್ನ ಪಾಠ ಯೋಜನೆಯ ಪುಸ್ತಕದಲ್ಲೇ ಇದೆ.

ಹಾಗಾದರೆ ಈ ಯಂತ್ರ ಚುರುಕಾಗುವುದೇ ಇಲ್ಲವೇ ಎಂದು ಹುಡುಗ ಕೇಳಿದ. ನೋಡಿದರೆ ಅದರಲ್ಲಿದ್ದದ್ದು ತಿರುಗುವ ಹಳೆಯ ಹಾರ್ಡ್ ಡಿಸ್ಕ್, 2 ಜಿಬಿ ರ‍್ಯಾಮ್. ನಿಧಾನಕ್ಕೆ ಮುಖ್ಯ ಕಾರಣ ಪ್ರೊಸೆಸರ್ ಆಗಿರಲೇ ಇಲ್ಲ. ಬುಧವಾರವೇ ನಾನು ಕೇಳಬೇಕಿದ್ದ ಮೊದಲ ಪ್ರಶ್ನೆ ಅದು: ನಿಧಾನ ಎಂದರೆ ಯಾವಾಗ ನಿಧಾನ, ಏನು ಮಾಡುವಾಗ? ಪ್ರಶ್ನೆಯನ್ನು ಬಿಡಿಸಿ ನೋಡದೆ ಚಾರ್ಟಿಗೆ ಹಾರಿದೆ. ಉಳಿದ ಹಣಕ್ಕೆ ಒಂದು ಸಾಟಾ ಎಸ್‌ಎಸ್‌ಡಿ, ಅದೇ ಅಡ್ವಾನ್ಸಿನಲ್ಲಿ ಅಂಗಡಿಯಿಂದ ಒಂದು ಹಳೆಯ 4 ಜಿಬಿ ಡಿಡಿಆರ್3 ರ‍್ಯಾಮ್ ತರಲು ಅಣ್ಣ ಹೊರಟ. ರ‍್ಯಾಮಿನ ಕೆಳಂಚಿನ ಕಚ್ಚು ಎಲ್ಲಿದೆ, ಡಿಡಿಆರ್4ರಲ್ಲಿ ಅದು ಹೇಗೆ ಸರಿದಿರುತ್ತದೆ ಎಂದು ನಾನು ತೋರಿಸುವ ಮೊದಲೇ ಹುಡುಗ ಅಣ್ಣನಿಗೆ ಹೇಳಿಕೊಡುತ್ತಿದ್ದ: "ಹೆಸ್ರು ಕೇಳ್ಬ್ಯಾಡ ಅಣ್ಣ, ನಮ್ಮದನ್ನ ಬಿಚ್ಚಿ ಕೈಯಾಗಿಟ್ಕೊಂಡು ಹೋಗು."

ಸೋಮವಾರ: ಬಿ ವಿಭಾಗ

ಚೀಟಿಗಳನ್ನು ಕಾಲೇಜಿನ ವೀಕ್ಷಕ ಉಪನ್ಯಾಸಕರಿಗೆ ತೋರಿಸಿದಾಗ ಅವರು ಪ್ಲಗ್ಗಿನ ಚಿತ್ರದ ಮೇಲೆ ಬೆರಳಿಟ್ಟು, "ಇದನ್ನು ಯಾರು ಕಲಿಸಿದರು?" ಎಂದರು. ಪ್ಲಗ್ ಉದಾಹರಣೆಯಲ್ಲಿ ತಪ್ಪಿಲ್ಲ. ಆದರೆ ಅದರಲ್ಲಿ ಕೂರುವುದು ಮತ್ತು ಕೆಲಸ ಮಾಡುವುದು ಒಂದೇ. ಪ್ಲಗ್ ಹೋಯಿತೆಂದರೆ ದೀಪ ಹತ್ತುತ್ತದೆ. ಮಕ್ಕಳು ಅಷ್ಟನ್ನೂ ಪ್ರೊಸೆಸರಿಗೆ ಹೊತ್ತುಕೊಂಡು ಬಂದಿದ್ದರು. ಸಾಲದ್ದಕ್ಕೆ ಪ್ಲಗ್ಗಿಗೆ ಮೂರೇ ಪಿನ್ನು. ಎಣಿಕೆ ಒಂದೇ ಆದರೂ ಜೋಡಣೆ ಬೇರೆ ಇರಬಹುದೆಂಬ ಯೋಚನೆ ಅಲ್ಲಿ ಹುಟ್ಟುವುದಕ್ಕೆ ಜಾಗವೇ ಇಲ್ಲ.

ಬಿ ವಿಭಾಗದಲ್ಲಿ ಪ್ಲಗ್ಗನ್ನು ಕೈಬಿಟ್ಟೆ. ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಹಳೆಯ ಡಬ್ಬ ಜಾಲಾಡಿ ಎರಡು ಕೋರ್ 2 ಡ್ಯುಯೊ ಪ್ರೊಸೆಸರ್ ತಂದೆ: ಟಿ5500 ಮತ್ತು ಟಿ5750. ಹೆಸರಿನಲ್ಲಿ ಅಣ್ಣತಮ್ಮಂದಿರು, ಪಿನ್ನು ಎರಡಕ್ಕೂ 478. ಮೊದಲನೆಯದು ಸಾಕೆಟ್ ಎಂ ಎಂಬುದರಲ್ಲಿ ಕೂರುತ್ತದೆ, ಎರಡನೆಯದು 2007ರಲ್ಲಿ ಬಂದ ಸಾಕೆಟ್ ಪಿಯಲ್ಲಿ. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ. ಪೆಂಟಿಯಂ 4 ಕಾಲದ ಡೆಸ್ಕ್‌ಟಾಪಿನ ಸಾಕೆಟ್ಟಿಗೂ 478 ಎಂದೇ ಹೆಸರು, ಅದು ಮೂರನೆಯದು.

ಗುಂಪಿಗೊಂದು ಭೂತಗನ್ನಡಿ, ಒಂದು ಗ್ರಾಫ್ ಹಾಳೆ. ಎಣಿಸಿ ಎಂದೆ, ಒಂದೊಂದಾಗಿ ಅಲ್ಲ. ಸ್ವಲ್ಪ ಹೊತ್ತಿಗೆ ದಾರಿ ಕಂಡರು: ಅಂಚಿನಲ್ಲಿ 26 ಸಾಲು, 26 ಕಂಬಸಾಲು, ನಡುವೆ 14ಕ್ಕೆ 14ರ ಖಾಲಿ ಚೌಕ. 676ರಲ್ಲಿ 196 ಕಳೆದರೆ 480. "ಎರಡು ಜಾಸ್ತಿ ಬಂತು ಮಿಸ್" ಎಂದು ಒಂದು ಗುಂಪು ಲೆಕ್ಕವನ್ನೇ ಅಳಿಸಿ ಮತ್ತೆ ಮಾಡಿತು. ಮತ್ತೆ 480. ಲೆಕ್ಕ ಸರಿ ಇದೆ, ಪ್ರೊಸೆಸರನ್ನೇ ನೋಡಿ ಎಂದೆ. ಆಗ ಮೂಲೆಯ ಬಳಿ ಪಿನ್ನಿಲ್ಲದ ಜಾಗ ಕಂಡಿತು. ಇನ್ನೊಂದು ಪ್ರೊಸೆಸರಿನಲ್ಲೂ ಖಾಲಿ ಇದೆ, ಆದರೆ ಜಾಗ ಅದೇ ಅಲ್ಲ. ಎರಡರ ಮೂಲೆಯನ್ನೂ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಬಿಡಿಸಿ, ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗಣಿತದ ಟೀಚರಾಗಿ ನನಗೆ ಇಡೀ ಇಂಟರ್ನ್‌ಶಿಪ್‌ನಲ್ಲಿ ಅಷ್ಟು ಸಂತೋಷ ಕೊಟ್ಟ ಹತ್ತು ನಿಮಿಷ ಬೇರೆ ಇಲ್ಲ.

ಅದೇ ಚೀಟಿ, ಅದೇ 478ರ ಪ್ರಶ್ನೆಯನ್ನು ಕೊಟ್ಟಿದ್ದರೆ ಉತ್ತರ ಬಾಯಿಪಾಠವಾಗುತ್ತಿತ್ತು. ಅದಕ್ಕೆ ಬದಲಿಸಿ 988ರದು ಕೇಳಿದೆ: ಒಂದಕ್ಕೆ 988ಎ, ಇನ್ನೊಂದಕ್ಕೆ 988ಬಿ ಎಂದು ಬರೆದಿದೆ, ಏನು ಮಾಡುತ್ತೀರಿ? ಅವು ಜಿ1 ಮತ್ತು ಜಿ2ರ ಇನ್ನೊಂದು ಹೆಸರು, ಒಂದಕ್ಕೊಂದು ಆಗುವುದಿಲ್ಲ. ಹೆಚ್ಚಿನವರು 'ಆಗುವುದಿಲ್ಲ' ಎಂದೋ 'ಪಿನ್ನಿನ ಜಾಗ ನೋಡಬೇಕು' ಎಂದೋ ಬರೆದಿದ್ದರು. ಒಬ್ಬ ಹುಡುಗ 'ಸರ್ವಿಸ್ ಮ್ಯಾನ್ಯುಯಲ್ ನೋಡುತ್ತೇನೆ, ಅಂಗಡಿಯವನನ್ನು ಕೇಳುವುದಿಲ್ಲ' ಎಂದು ಬರೆದಿದ್ದ. ಎ ವಿಭಾಗದ ಸುದ್ದಿ ಇಲ್ಲಿಗೂ ಬಂದಿತ್ತೆಂದು ಕಾಣುತ್ತದೆ. ಬಯಾಸ್ ಮತ್ತು ವ್ಯಾಟಿನ ಭಾಗ ಇಲ್ಲಿಯೂ ತೆಳುವಾಯಿತು. ಅದಕ್ಕೆ ಪ್ರತ್ಯೇಕ ಅವಧಿಯೇ ಬೇಕು, 40 ನಿಮಿಷದಲ್ಲಿ ಎರಡನ್ನೂ ತುರುಕಬಾರದು.

ಎ ವಿಭಾಗಕ್ಕೆ ಗ್ರಾಫ್ ಹಾಳೆಯ ಚಟುವಟಿಕೆಯನ್ನು ಬುಧವಾರದ ಅವಧಿಯಲ್ಲಿ ಮಾಡಿಸಿ, ಹಳೆಯ ಚೀಟಿಗಳನ್ನು ಅವರ ಕೈಗೇ ಕೊಟ್ಟು ತಿದ್ದಿಸಿದೆ. ಚಾರ್ಟನ್ನು ಹರಿಯಲಿಲ್ಲ. ಬಲಗಡೆ ಮೂರನೇ ಅಂಕಣ ಎಳೆದು, ಮೇಲೆ 'ಈ ಯಂತ್ರದಲ್ಲಿ' ಎಂದು ಬರೆದು, ಕೆಳಗೆಲ್ಲ ಖಾಲಿ ಬಿಟ್ಟಿದ್ದೇನೆ. ಡಬ್ಬವನ್ನು ಶಾಲೆಯ ಪ್ರಯೋಗಾಲಯಕ್ಕೇ ಬಿಟ್ಟುಬಂದೆ: ಬೋರ್ಡ್ ಎರಡು, ಪ್ರೊಸೆಸರ್ ನಾಲ್ಕು. ಪಿನ್ನು ಬಾಗದಂತೆ ಥರ್ಮೊಕೋಲಿನ ತುಂಡಿನ ಮೇಲೆ ಇಡಬೇಕು. ಬಿ ವಿಭಾಗದ ಒಬ್ಬ ಹುಡುಗಿ ತನ್ನ ಮಾವನ ಲ್ಯಾಪ್‌ಟಾಪ್ ಎಎಂಡಿಯದು, ಅದಕ್ಕೂ ಹೀಗೆಯೇ ಏನು ಎಂದು ಕೇಳಿದಳು. ಹಳೆಯದಾದರೆ ಎಸ್1, ಎಫ್‌ಎಸ್1 ಎಂಬ ಸಾಕೆಟ್‌ಗಳಿರಬಹುದು, ರೈಜೆನ್ ಆದರೆ ಬೆಸುಗೆಯದು ಎಂದು ಬಾಯಿಗೆ ಬಂತು. ಹೇಳಲಿಲ್ಲ. ಮಾದರಿ ಸಂಖ್ಯೆ ಬರೆದು ತಾ ಎಂದೆ.